ಟ್ರ್ಯಾಕ್ಟರ್ ಗಾಲಿಗೆ ನೀರು: ಎರಿ ಹೊಲದ ನೇಗಿಲಿಗೆ ತುಂಬುವುದು, ಮಿರಗದ ಮಳೆಗೆ ಮೊದಲು ತೆಗೆಯುವುದು

ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಕಲಬುರಗಿ ಸೀಮೆಯ ಎರಿ (ಕಪ್ಪು ಮಣ್ಣಿನ) ಭೂಮಿಗೆ ಮಣ್ಣು ಮಗುಚುವ ಪಲ್ಟಿ ನೇಗಿಲು ಇಳಿಯುತ್ತದೆ. ಅಷ್ಟೊತ್ತಿಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ನೇಗಿಲು ಒಂದು ಅಡಿ ಆಳ ಕಚ್ಚಿತೆಂದರೆ ಎಂಜಿನ್ ದಣಿಯುವುದಕ್ಕೆ ಮೊದಲೇ ಹಿಂದಿನ ಗಾಲಿ ನಿಂತಲ್ಲೇ ಸುತ್ತತೊಡಗುತ್ತದೆ. ಎಂಜಿನ್‌ನಲ್ಲಿ ಶಕ್ತಿ ಇದೆ, ಅದು ನೆಲಕ್ಕೆ ಮುಟ್ಟುತ್ತಿಲ್ಲ ಅಷ್ಟೇ. ಇಂಥ ಹೊತ್ತಿನಲ್ಲಿ ನೇಗಿಲ ಮೇಲೆ ಪರಸಿ ಕಲ್ಲು (ನೆಲಕ್ಕೆ ಹಾಸುವ ಚಪ್ಪಡಿ) ಕಟ್ಟುವವರಿದ್ದಾರೆ, ಕುಂಟೆಯ ಮೇಲೆ ಆಳನ್ನು ನಿಲ್ಲಿಸುವವರೂ ಇದ್ದಾರೆ. ಎರಡೂ ಬೇಡ. ಕಲ್ಲಿನ ಭಾರ ನೇಗಿಲನ್ನು ಇನ್ನಷ್ಟು ಕೆಳಗೆ ಒತ್ತುತ್ತದೆಯೇ ಹೊರತು ಗಾಲಿಯ ಹಿಡಿತಕ್ಕೆ ನೆರವಾಗುವುದಿಲ್ಲ. ಕುಂಟೆಯ ಮೇಲೆ ನಿಂತ ಆಳು ಕಾಲು ಜಾರಿದರೆ ಬೀಳುವುದು ಹಲ್ಲುಗಳ ಮುಂದೆಯೇ.

ಭಾರ ಬೇಕಾದದ್ದು ಗಾಲಿಗೆ. ಅದಕ್ಕೆ ಅತಿ ಅಗ್ಗದ ವಸ್ತು ನೀರು. ಹಿಮ ಬೀಳುವ ದೇಶಗಳಲ್ಲಿ ಮನೆಯಂಗಳದ ಸಣ್ಣ ಟ್ರ್ಯಾಕ್ಟರಿನಿಂದ ಹಿಮ ತಳ್ಳುವವರೂ ಇದನ್ನೇ ಮಾಡುತ್ತಾರೆ. ಅಲ್ಲಿ ಬರೀ ನೀರು ಹಾಕಿದರೆ ಟೈರಿನೊಳಗೇ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರನ್ನೋ, ಗಾಜು ತೊಳೆಯುವ ದ್ರವವನ್ನೋ, ಸಕ್ಕರೆ ಬೀಟ್‌ರೂಟಿನಿಂದ ತಯಾರಿಸಿದ ಪಾಕವನ್ನೋ ತುಂಬುತ್ತಾರೆ. ಬೀದರಿನ ಚಳಿಗಾಲದ ಬೆಳಗಿನಲ್ಲೂ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ನಮಗೆ ಆ ಗೋಜಿಲ್ಲ.

ಮೊದಲು ಜಾರಿಕೆ ಅಳೆಯಿರಿ

ಗಾಲಿ ಜಾರುತ್ತಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಮೋಸ. ಅಳೆಯಲು ಹತ್ತು ನಿಮಿಷ ಸಾಕು. ಹಿಂದಿನ ಟೈರಿನ ಪಕ್ಕಕ್ಕೆ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ನೇಗಿಲನ್ನು ಎತ್ತಿಕೊಂಡು, ಉಳುವ ಗೇರಿನಲ್ಲೇ, ಅದೇ ಹೊಲದಲ್ಲಿ ಗಾಲಿ ಹತ್ತು ಸುತ್ತು ಸುತ್ತುವಷ್ಟು ಓಡಿಸಿ. ಆರಂಭಕ್ಕೂ ಕೊನೆಗೂ ಗೂಟ ಹೊಡೆದು ದೂರ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ, ಮಾಮೂಲಿ ಆಳದಲ್ಲಿ ಉಳುತ್ತಾ ಮತ್ತೆ ಹತ್ತು ಸುತ್ತು ಎಣಿಸಿ ಅಳೆಯಿರಿ. ಸುತ್ತು ಎಣಿಸುವವರು ಟ್ರ್ಯಾಕ್ಟರಿನಿಂದ ನಾಲ್ಕು ಮಾರು ದೂರದಲ್ಲಿ ನಡೆಯಲಿ.

13.6-28 ಅಳತೆಯ (ಟೈರಿನ ಅಗಲ 13.6 ಇಂಚು, ರಿಮ್ 28 ಇಂಚು) ಗಾಲಿ ಹತ್ತು ಸುತ್ತಿಗೆ ಹತ್ತಿರ ಹತ್ತಿರ 39 ಮೀಟರ್ ಹೋಗುತ್ತದೆ. ಉಳುವಾಗ ಅದು 32 ಮೀಟರಿಗೆ ಇಳಿದರೆ ನಷ್ಟ 7 ಮೀಟರ್. ಏಳನ್ನು 39ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಜಾರಿಕೆ ಶೇ. 18. ಉಳುಮೆಗೆ ಶೇ. 10ರಿಂದ 15ರವರೆಗಿನ ಜಾರಿಕೆ ಸರಿ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲೂ ಟೈರಿನ ಹಲ್ಲೂ ಸುಮ್ಮನೆ ಸವೆಯುತ್ತವೆ. ಶೇ. 8ಕ್ಕಿಂತ ಕಡಿಮೆ ಬಂದರೆ ಖುಷಿಪಡಬೇಡಿ, ಟ್ರ್ಯಾಕ್ಟರ್ ಬೇಕಿಲ್ಲದ ಭಾರ ಹೊತ್ತು ತಿರುಗುತ್ತಿದೆ ಎಂದರ್ಥ. ಗಾಲಿ ಸ್ವಲ್ಪ ಜಾರುವುದು ಒಂದು ಬಗೆಯ ಫ್ಯೂಸ್. ನೇಗಿಲು ಬಂಡೆಗೆ ಸಿಕ್ಕಾಗ ಗಾಲಿ ಜಾರದಿದ್ದರೆ ಆ ಏಟನ್ನು ಕ್ಲಚ್ಚು, ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ ಗೇರು ತಿನ್ನಬೇಕಾಗುತ್ತದೆ.

ಅಳತೆ ಪಟ್ಟಿ ಇಲ್ಲದವರು ಹಿಂತಿರುಗಿ ಗಾಲಿಯ ಗುರುತು ನೋಡಲಿ. ಹಲ್ಲಿನ ಅಚ್ಚು ಪೂರ್ತಿ ಅಳಿಸಿ ಮಣ್ಣು ತೀಡಿದಂತೆ ಕಂಡರೆ ಭಾರ ಸಾಲದು. ಅಚ್ಚು ಒತ್ತಿದ ಹಾಗೆ ಚೊಕ್ಕವಾಗಿ ಮೂಡಿದ್ದರೆ ಭಾರ ಹೆಚ್ಚಾಗಿದೆ. ಅಂಚು ಸ್ಪಷ್ಟವಿದ್ದು ನಡುವೆ ಮಣ್ಣು ಕದಡಿದ್ದರೆ ಸರಿಯಾಗಿದೆ.

ಇನ್ನೊಂದು ಮಾತು: ಜಾರಿಕೆಗೆ ಯಾವಾಗಲೂ ಭಾರದ ಕೊರತೆಯೇ ಕಾರಣವಲ್ಲ. ರಸ್ತೆಗೆಂದು 20 ಪೌಂಡಿಗೂ (ಪಿಎಸ್‌ಐ) ಮೇಲೆ ಗಾಳಿ ತುಂಬಿಸಿ ಅದರಲ್ಲೇ ಹೊಲಕ್ಕೆ ಇಳಿಯುವವರು ಬಹಳ. ಮೊದಲು ಗಾಳಿಯನ್ನು 12ರಿಂದ 14 ಪೌಂಡಿಗೆ ಇಳಿಸಿ ಮತ್ತೆ ಅಳೆಯಿರಿ. ಹಲ್ಲು ಸವೆದು ನುಣುಪಾದ ಟೈರಿಗೆ ನೀರು ತುಂಬಿಸುವುದೂ ವ್ಯರ್ಥ.

ಎಷ್ಟು ನೀರು

ಅಳತೆಯ ಗುಟ್ಟು ವಾಲ್ವಿನಲ್ಲೇ ಇದೆ. ವಾಲ್ವು ನೆತ್ತಿಗೆ ಬರುವಂತೆ ಗಾಲಿ ನಿಲ್ಲಿಸಿ, ವಾಲ್ವಿನ ಮಟ್ಟಕ್ಕೆ ನೀರು ಬರುವವರೆಗೆ ತುಂಬಿದರೆ ಟೈರಿನ ಮುಕ್ಕಾಲು ಭಾಗ ತುಂಬಿರುತ್ತದೆ. ಉಳಿದ ಕಾಲು ಭಾಗದಲ್ಲಿ ಗಾಳಿ ಇರಲೇಬೇಕು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪೂರ್ತಿ ನೀರು ತುಂಬಿದ ಟೈರು ಕಲ್ಲಿನ ಮೇಲೆ ಹತ್ತಿದಾಗ ಬಾಗಲಾರದೆ ಒಳಗಿನ ದಾರದ ಪದರ ಹರಿದುಕೊಳ್ಳುತ್ತದೆ.

ಮುಕ್ಕಾಲು ಭಾಗಕ್ಕೆ ಒಂದು ಗಾಲಿಗೆ ಹಿಡಿಸುವ ನೀರು ಸುಮಾರಾಗಿ ಹೀಗಿದೆ. ಎಡೆ ಹೊಡೆಯುವ ಮಿನಿ ಟ್ರ್ಯಾಕ್ಟರಿನ 8.3-20ಕ್ಕೆ 45ರಿಂದ 50 ಲೀಟರ್, 9.5-24ಕ್ಕೆ 75ರಿಂದ 85. 35 ಎಚ್‌ಪಿ ಆಸುಪಾಸಿನವುಗಳ 12.4-28ಕ್ಕೆ 150. ಹಳ್ಳಿಗಳಲ್ಲಿ ಹೆಚ್ಚು ಕಾಣುವ 13.6-28ಕ್ಕೆ 185ರಿಂದ 200. 14.9-28ಕ್ಕೆ 235ರಿಂದ 245, 16.9-28ಕ್ಕೆ 300. ಟೈರಿನ ಕಂಪನಿ, ಸವೆತ ನೋಡಿಕೊಂಡು ಹತ್ತಿಪ್ಪತ್ತು ಲೀಟರ್ ಆಚೀಚೆ ಆಗುತ್ತದೆ. ಲೀಟರಿಗೆ ಒಂದು ಕಿಲೋ ಲೆಕ್ಕ ಹಿಡಿದರೆ 13.6-28ರ ಜೋಡಿ ಗಾಲಿಗೆ ನಾಲ್ಕು ಕ್ವಿಂಟಲ್ ಹತ್ತಿರ ಭಾರ ಬರುತ್ತದೆ. ಇಷ್ಟೇ ಭಾರಕ್ಕೆ ಎರಕದ ಕಬ್ಬಿಣದ ತೂಕ ಕಟ್ಟಬೇಕೆಂದರೆ 40-50 ಕಿಲೋದ ಎಂಟು ಹತ್ತು ಬಿಲ್ಲೆ ಬೇಕು.

ಈ ಭಾರ ಆಕ್ಸಲ್ ಮೇಲೆ ಬೀಳುವುದಿಲ್ಲ, ಟೈರಿನ ಮೂಲಕ ನೇರ ನೆಲಕ್ಕೆ ಇಳಿಯುತ್ತದೆ. ಮುಂದಿನ ಗಾಲಿಯೂ ಇದರಿಂದ ಹಗುರಾಗುವುದಿಲ್ಲ. ಆದರೆ ಹಿಡಿತ ಹೆಚ್ಚಿದ ಟ್ರ್ಯಾಕ್ಟರಿನ ನೇಗಿಲು ಬಂಡೆಗೆ ಕಚ್ಚಿಕೊಂಡಾಗ ಮುಂಭಾಗ ಮೇಲೇಳುವ ಅಪಾಯ ಹಿಂದಿಗಿಂತ ಜಾಸ್ತಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಮೇಲ್ಮಣ್ಣಿನ ಕೆಳಗೆ ಅಲ್ಲಲ್ಲಿ ಪರಸಿ ಕಲ್ಲಿನ ಹಾಸು ಇರುತ್ತದೆ. ಅಂಥ ಹೊಲದಲ್ಲಿ ಮುಂದಿನ ಬಂಪರಿಗೆ ತೂಕದ ಬಿಲ್ಲೆ ಹಾಕದೆ ಹಿಂದಿನ ಗಾಲಿಗೆ ನೀರು ತುಂಬಬೇಡಿ.

ಯಾವ ನೀರು, ಯಾವ ಟ್ಯೂಬು

ಮಳೆ ನೀರು ಅಥವಾ ನಳದ ನೀರು ಉತ್ತಮ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನು ಬೇಗ ಹಿಡಿದುಕೊಳ್ಳುತ್ತದೆ. ಕಾಲುವೆ, ಕೆರೆಯ ನೀರಾದರೆ ಎರಡು ಮಡಿಕೆ ಧೋತರದಲ್ಲಿ ಸೋಸಿ. ಒಂದು ಮರಳು ಕಣ ಪಿನ್ನಿಗೆ ಸಿಕ್ಕರೂ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ.

ಭಾರ ಹೆಚ್ಚಲಿ ಎಂದು ಉಪ್ಪು ಕಲಸುವುದುಂಟು. ಲೀಟರಿಗೆ ಇನ್ನೂರು ಗ್ರಾಂ ಭಾರ ಸಿಗಬಹುದು, ಆದರೆ ಸೋರಿದ ದಿನ ರಿಮ್ಮಿಗೆ ತುಕ್ಕು, ಹೊಲಕ್ಕೆ ಚೌಳು. ಎರಿ ಮಣ್ಣಿಗೆ ಸೋಡಿಯಂ ಸೇರಿದರೆ ಆ ಜಾಗ ಗಟ್ಟಿಯಾಗಿ ನೀರೇ ಇಂಗುವುದಿಲ್ಲ. ಬೀದರಿನಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ಸಿಗುತ್ತದಲ್ಲ, ಬೀಟ್‌ರೂಟ್ ಪಾಕದ ಹಾಗೆ ಅದನ್ನೇ ಹಾಕಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಬೇಡ. ನೀರು ಬೆರೆತ ಕಾಕಂಬಿ ಹುಳಿತು ಅನಿಲ ಬಿಡುತ್ತದೆ, ಟ್ಯೂಬಿನೊಳಗೆ ಒತ್ತಡ ತಾನಾಗಿ ಏರುತ್ತದೆ.

ಟ್ಯೂಬಿಗೆ ಮೂರಕ್ಕಿಂತ ಹೆಚ್ಚು ಪ್ಯಾಚ್ ಇದ್ದರೆ ನೀರು ತುಂಬುವ ಮೊದಲೇ ಹೊಸದು ಹಾಕಿಸಿ. ಗಾಳಿ ತುಂಬಿದ ಟೈರಿನ ಪಂಚರ್ ಅರ್ಧ ಗಂಟೆಯ ಕೆಲಸ. ಇನ್ನೂರು ಲೀಟರ್ ನೀರಿರುವ ಟೈರಿನ ಪಂಚರ್ ಅರ್ಧ ದಿನದ್ದು. ಟ್ಯೂಬ್‌ಲೆಸ್ ಟೈರಾಗಿದ್ದರೆ ನೀರು ನೇರ ರಿಮ್ಮಿಗೆ ತಾಗಿ ಒಳಗಿಂದ ತುಕ್ಕು ತಿನ್ನುತ್ತದೆ. ಅಂಥವುಗಳಿಗೆ ಕಬ್ಬಿಣದ ತೂಕವೇ ವಾಸಿ.

ತೊಗರಿ ಹೊಲದವರು ಕೂಳೆಯ ವಿಷಯ ಮರೆಯಬಾರದು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿ ಕೂಳೆ ಒಣಗಿದ ಮೇಲೆ ಮೊಳೆಗಿಂತ ಕೆಟ್ಟದ್ದು. ನೀರು ತುಂಬಿದ ಭಾರದ ಗಾಲಿಗೆ ಅದು ಇನ್ನೂ ಸಲೀಸಾಗಿ ನಾಟುತ್ತದೆ. ಹೊಲಕ್ಕೆ ಒಮ್ಮೆ ಖಾಲಿ ಟೈರಿನ ಟ್ರ್ಯಾಕ್ಟರಿನಿಂದಲೇ ರೋಟಾವೇಟರ್ ಹಾಯಿಸಿ ಕೂಳೆ ಪುಡಿ ಮಾಡಿ, ಆಮೇಲೆ ನೀರು ತುಂಬಿಸಿಕೊಂಡು ನೇಗಿಲು ಹೂಡುವುದು ಸರಿಯಾದ ಸರದಿ. ರೋಟಾವೇಟರಿಗೆ ಹೇಗೂ ನೀರಿನ ಭಾರ ಬೇಕಿಲ್ಲ. ಅದರ ಬ್ಲೇಡುಗಳೇ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತವೆ.

ತುಂಬುವ ಕ್ರಮ

ಬೇಕಾದವು: 5 ಟನ್ನಿನ ಬಾಟಲ್ ಜಾಕ್, ದಪ್ಪ ಮರದ ದಿಮ್ಮಿಗಳು, 200 ಲೀಟರಿನ ಡ್ರಮ್, ಪೈಪು, ವಾಲ್ವ್ ಪಿನ್ ಬಿಚ್ಚುವ ಕೀಲಿ, ಎರಡು ಹೊಸ ಪಿನ್ನು, ಗಾಳಿಯ ಮೀಟರ್, ಮತ್ತು ನೀರು ತುಂಬುವ ಅಡಾಪ್ಟರ್. ಅಡಾಪ್ಟರ್ ಎಂದರೆ ಒಂದು ಕಡೆ ಪೈಪು, ಇನ್ನೊಂದು ಕಡೆ ವಾಲ್ವಿಗೆ ಕೂರುವ ತಿರುಪು, ಪಕ್ಕದಲ್ಲಿ ಗಾಳಿ ಬಿಡುವ ಸಣ್ಣ ರಂಧ್ರ ಇರುವ ಹಿತ್ತಾಳೆಯ ತುಂಡು. ಟೈರಿನ ಅಂಗಡಿಯಲ್ಲಿ ಗಾಳಿ-ನೀರು ವಾಲ್ವಿನ ಅಡಾಪ್ಟರ್ ಎಂದು ಕೇಳಿ.

ಟ್ರ್ಯಾಕ್ಟರನ್ನು ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಎರಿ ಮಣ್ಣಿನ ಮೇಲೆ ಜಾಕ್ ಹೂತುಹೋಗುತ್ತದೆ, ಆದ್ದರಿಂದ ಕಣದ ಬದಿಯೋ ಪರಸಿ ಹಾಸಿದ ಅಂಗಳವೋ ಆಗಲಿ. ಹಿಂದಿನ ಉಪಕರಣ ಬಿಚ್ಚಿಡಿ, ಮುಂದಿನ ಎರಡೂ ಗಾಲಿಗೆ ಮುಂದೆ ಹಿಂದೆ ಅಡ್ಡಗಟ್ಟಿ. ಆಕ್ಸಲ್ ಹೌಸಿಂಗ್ ಕೆಳಗೆ ಜಾಕ್ ಕೊಟ್ಟು ಗಾಲಿ ಎರಡು ಬೆರಳು ಮೇಲೇಳುವಷ್ಟು ಎತ್ತಿ ದಿಮ್ಮಿ ಕೊಡಿ. ಒಬ್ಬಟ್ಟಿನ ಹಾಗೆ ಪದರ ಬಿಡುವ ಪರಸಿ ಕಲ್ಲನ್ನು ದಿಮ್ಮಿಯ ಬದಲಿಗೆ ಇಡಬೇಡಿ, ಭಾರ ಬಿದ್ದಾಗ ಸೀಳಿಹೋಗುತ್ತದೆ.

ಗಾಲಿ ಕೈಯಲ್ಲಿ ತಿರುಗಿಸಿ ವಾಲ್ವನ್ನು ನೆತ್ತಿಗೆ ತನ್ನಿ. ಪಿನ್ನು ಬಿಚ್ಚಿ ಗಾಳಿ ಪೂರ್ತಿ ಇಳಿಯಲು ಬಿಡಿ. ಮುಖ ಪಕ್ಕಕ್ಕಿರಲಿ, ಹಳೆಯ ಪಿನ್ನು ಗುಂಡಿನಂತೆ ಹಾರುತ್ತದೆ. ಟ್ರ್ಯಾಕ್ಟರ್ ಟ್ಯೂಬಿನ ವಾಲ್ವು ಎರಡು ಭಾಗದ್ದು. ಪಿನ್ನು ಕೂರುವ ಮೇಲಿನ ಭಾಗವನ್ನೂ ಬಿಚ್ಚಿದರೆ ದೊಡ್ಡ ರಂಧ್ರ ಸಿಗುತ್ತದೆ, ನೀರು ಬೇಗ ಇಳಿಯುತ್ತದೆ. ಆದರೆ ರಿಮ್ಮಿಗೆ ಬಿಗಿದ ಉಂಗುರದ ನಟ್ಟನ್ನು ಮುಟ್ಟಬೇಡಿ. ಅದು ಸಡಿಲಾದರೆ ವಾಲ್ವಿನ ಕೊಳವೆ ರಿಮ್ಮಿನೊಳಗೆ ಜಾರುತ್ತದೆ, ಮತ್ತೆ ಹೊರಗೆ ತರಲು ಟೈರನ್ನೇ ಬಿಚ್ಚಬೇಕು.

ಈಗ ಅಡಾಪ್ಟರ್ ಬಿಗಿದು ಪೈಪು ಜೋಡಿಸಿ. ಡ್ರಮ್ಮಿನ ತಳ ವಾಲ್ವಿಗಿಂತ ಕನಿಷ್ಠ ಮೂರು ನಾಲ್ಕು ಅಡಿ ಮೇಲಿರಬೇಕು. ವಾಲ್ವೇ ನೆಲದಿಂದ ಮೂರಡಿಗೂ ಮೇಲೆ ಇರುವುದರಿಂದ ಟ್ರಾಲಿಯ ಹಲಗೆಯ ಮೇಲಿಟ್ಟ ಡ್ರಮ್ಮಿನಿಂದ ನೀರು ಸರಿಯಾಗಿ ಇಳಿಯುವುದಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕೇ ಸಲೀಸು. ಡ್ರಮ್ಮನ್ನೂ ಮಾಳಿಗೆ ಮೇಲಿಟ್ಟು ತುಂಬಿಸಿಕೊಂಡರೆ ಒಂದು ಡ್ರಮ್ ಒಂದು ಗಾಲಿ ಎಂಬ ಲೆಕ್ಕವೂ ಸಿಗುತ್ತದೆ. ಒಂದು ಗಾಲಿ ತುಂಬಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಅವಸರಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪನ್ನೋ ಬೋರಿನ ಪೈಪನ್ನೋ ನೇರ ಜೋಡಿಸುವ ಕೆಲಸ ಬೇಡ. ಎಚ್‌ಟಿಪಿ ಪಂಪಿನ ಒತ್ತಡ ಟೈರು ತಡೆಯುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಗಾಳಿಯ ರಂಧ್ರ ಮುಚ್ಚಿಕೊಂಡರೆ ರಿಮ್ಮಿನಿಂದ ಟೈರು ಕಿತ್ತು ಸಿಡಿಯುತ್ತದೆ.

ನೀರು ಒಳಹೋದಷ್ಟು ಗಾಳಿ ಹೊರಬರಬೇಕು. ಅಡಾಪ್ಟರಿನ ರಂಧ್ರದಿಂದ ಬುಸುಬುಸು ಸದ್ದು ಬರುತ್ತಿದ್ದರೆ ಕೆಲಸ ನಡೆಯುತ್ತಿದೆ. ರಂಧ್ರವಿಲ್ಲದ ಅಡಾಪ್ಟರಾದರೆ ಐದೈದು ನಿಮಿಷಕ್ಕೊಮ್ಮೆ ಪೈಪು ಬಿಚ್ಚಿ ಗಾಳಿ ಬಿಡಬೇಕು, ಇಲ್ಲದಿದ್ದರೆ ನೀರು ಇಳಿಯುವುದು ನಿಂತೇಹೋಗುತ್ತದೆ. ರಂಧ್ರದಲ್ಲಿ ಗಾಳಿಯ ಬದಲು ನೀರಿನ ಧಾರೆ ಬಂದಾಗ ಪೈಪು ಮುಚ್ಚಿ, ಅಡಾಪ್ಟರ್ ಬಿಚ್ಚಿ, ಹೆಚ್ಚಾದ ನೀರು ತಾನೇ ಹರಿದು ವಾಲ್ವಿನ ಮಟ್ಟಕ್ಕೆ ನಿಲ್ಲಲು ಬಿಡಿ. ಆಮೇಲೆ ವಾಲ್ವಿನ ಮೇಲಿನ ಭಾಗ, ಹೊಸ ಪಿನ್ನು ಬಿಗಿಯಿರಿ.

ಗಾಳಿ ಹೊಡೆಯುವಾಗ ವಾಲ್ವು ನೆತ್ತಿಯಲ್ಲೇ ಇರಲಿ. ಮೊದಲು 20-25 ಪೌಂಡಿನವರೆಗೆ ಏರಿಸಿ ಟೈರಿನ ಅಂಚು ರಿಮ್ಮಿಗೆ ಸುತ್ತಲೂ ಕೂತಿದೆಯೇ ನೋಡಿ, ಕೂತ ಮೇಲೆ 13 ಪೌಂಡಿಗೆ ಇಳಿಸಿ. ಈಗ ಒಳಗೆ ಗಾಳಿಗೆ ಉಳಿದಿರುವುದು ಕಾಲು ಭಾಗ ಜಾಗ ಮಾತ್ರ. ಕಂಪ್ರೆಸರಿನ ಗಾಳಿ ಅಲ್ಲಿ ಮಾಮೂಲಿಗಿಂತ ನಾಲ್ಕು ಪಟ್ಟು ಬೇಗ ಒತ್ತಡ ಏರಿಸುತ್ತದೆ. ಪಂಚರ್ ಅಂಗಡಿಯ ಹುಡುಗನಿಗೆ ಗಾಲಿಯಲ್ಲಿ ನೀರಿದೆ ಎಂದು ಮೊದಲೇ ಹೇಳಿ; ಅವನು ಅಂದಾಜಿನ ಮೇಲೆ ಹಿಡಿದು ನಿಂತರೆ ಮೀಟರ್ ನೋಡುವಷ್ಟರಲ್ಲಿ 40 ದಾಟಿರುತ್ತದೆ.

13 ಪೌಂಡು ಏಕೆಂದರೆ, ಟೈರಿನೊಳಗೆ ಸುಮಾರು ಮೂರಡಿ ಎತ್ತರ ನೀರು ನಿಂತಿದೆ. ಆ ನೀರಿನ ಒತ್ತಡವೇ ತಳದಲ್ಲಿ ಒಂದು ಪೌಂಡಿಗೂ ಸ್ವಲ್ಪ ಹೆಚ್ಚು. ಮೇಲೆ 13 ಇದ್ದರೆ ನೆಲ ಮುಟ್ಟುವ ಕಡೆ 14 ಇರುತ್ತದೆ. ವಾಲ್ವನ್ನು ಕೆಳಗಿಟ್ಟು ಅಳೆದರೆ ಮೀಟರಿನೊಳಗೆ ನೀರು ನುಗ್ಗಿ ಮೀಟರೇ ಕೆಡುತ್ತದೆ.

ಎರಡೂ ಗಾಲಿಗೆ ಸಮ ನೀರಿರಲಿ. ಒಂದು ತುಂಬಿ ಒಂದು ಖಾಲಿ ಇಟ್ಟು ಓಡಿಸಿದರೆ ಖಾಲಿ ಗಾಲಿ ಮಾತ್ರ ಸುತ್ತುತ್ತದೆ, ಬ್ರೇಕ್ ಹಿಡಿದಾಗ ಟ್ರ್ಯಾಕ್ಟರ್ ಒಂದು ಬದಿಗೆ ಎಳೆಯುತ್ತದೆ. ಕೆಳಗಿಳಿಸಿದ ಮೇಲೆ ಗಾಲಿಯ ನಟ್ಟುಗಳನ್ನು ಒಮ್ಮೆ ಬಿಗಿಯಿರಿ, ಮರುದಿನ ಬೆಳಿಗ್ಗೆ ವಾಲ್ವಿನ ಬುಡದಲ್ಲಿ ಹಸಿ ಇದೆಯೇ ನೋಡಿ. ಆಮೇಲೆ ಮತ್ತೆ ಜಾರಿಕೆ ಅಳೆಯಿರಿ. ಮುಂಚಿನ 32 ಮೀಟರ್ ಈಗ 35ಕ್ಕೆ ಬಂದಿದ್ದರೆ ಜಾರಿಕೆ ಶೇ. 10. ಕೆಲಸ ಮುಗಿಯಿತು.

ಬಿಸಿಲಿನಲ್ಲಿ, ರಸ್ತೆಯಲ್ಲಿ

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲು 42-43 ಡಿಗ್ರಿ ಮುಟ್ಟಿದಾಗ ಕಪ್ಪು ಟೈರು ಅದಕ್ಕಿಂತ ಬಹಳ ಬಿಸಿಯಾಗುತ್ತದೆ. ಬೆಳಿಗ್ಗೆ 13 ಇದ್ದ ಗಾಳಿ ಆಗ 15-16 ತೋರಿಸಬಹುದು. ಹೆಚ್ಚಾಯಿತೆಂದು ಬಿಡಬೇಡಿ, ಬಿಟ್ಟರೆ ಮರುದಿನ ಬೆಳಿಗ್ಗೆ 10ಕ್ಕೆ ಇಳಿದಿರುತ್ತದೆ, ಟೈರು ರಿಮ್ಮಿನ ಮೇಲೆ ಜಾರಿ ವಾಲ್ವಿನ ಬುಡ ಕತ್ತರಿಸುತ್ತದೆ. ಗಾಳಿ ನೋಡುವುದು ಸೂರ್ಯ ಏರುವ ಮೊದಲು, ವಾರಕ್ಕೊಮ್ಮೆ. ಗಾಳಿಯ ಜಾಗ ಕಡಿಮೆ ಇರುವುದರಿಂದ ಸಣ್ಣ ಸೋರಿಕೆಗೂ ಒತ್ತಡ ಬೇಗ ಬೀಳುತ್ತದೆ.

ನೀರಿರುವ ಗಾಲಿ ಗಡಸು. ಡಾಂಬರು ರಸ್ತೆಯಲ್ಲಿ ಪುಟಿಯುತ್ತದೆ, ಹಲ್ಲು ಬೇಗ ಸವೆಯುತ್ತದೆ, ನಿಲ್ಲಿಸಲು ಹೆಚ್ಚು ದೂರ ಬೇಕು. ಎರಡು ಬ್ರೇಕ್ ಪೆಡಲ್‌ಗೂ ಕೊಂಡಿ ಹಾಕಿ ನಿಧಾನ ಹೋಗಿ. ಹುಮನಾಬಾದ್, ಭಾಲ್ಕಿ ಕಡೆ ಕಬ್ಬಿನ ಟ್ರಾಲಿ ಎಳೆಯುವ ಹಂಗಾಮಿನಲ್ಲಿ ನೀರು ಇಲ್ಲದಿರುವುದೇ ಒಳ್ಳೆಯದು. ಎರಡೇ ಗಾಲಿಯ ಟ್ರಾಲಿಯ ಮೂತಿಯ ಭಾರ ಹೇಗೂ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬಿದ್ದಿರುತ್ತದೆ.

ನೀರು ತೆಗೆಯುವುದು

ಇದನ್ನು ಮಾಡದವರೇ ಹೆಚ್ಚು. ಒಮ್ಮೆ ತುಂಬಿದ ನೀರು ಟೈರು ಬದಲಿಸುವವರೆಗೆ ಹಾಗೇ ಇರುತ್ತದೆ. ನೇಗಿಲಿಗೆ ಬೇಕಾದ ನಾಲ್ಕು ಕ್ವಿಂಟಲ್ ಬಿತ್ತನೆಗೆ ಶತ್ರು. ಹಸಿ ಎರಿ ಮಣ್ಣು ಭಾರಕ್ಕೆ ಕೆಸರಿಟ್ಟಿಗೆಯಂತೆ ಒತ್ತಿಕೊಳ್ಳುತ್ತದೆ, ಗಾಲಿ ಹೋದ ಸಾಲಿನಲ್ಲಿ ಹೆಸರು, ಉದ್ದು, ತೊಗರಿ ಬೇರು ಬಿಡಲು ಒದ್ದಾಡುತ್ತವೆ. ರೋಹಿಣಿ ಮಳೆ ಬೀಳುವ ಹೊತ್ತಿಗೆ ನೀರು ಹೊರಗಿರಬೇಕು, ಮಿರಗದ (ಮೃಗಶಿರ ಮಳೆಯ) ಬಿತ್ತನೆ ಖಾಲಿ ಗಾಲಿಯಲ್ಲಿ ಆಗಬೇಕು. ಯಾದಗಿರಿಯ ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ಭತ್ತದ ಗದ್ದೆಗೆ ಇಳಿಯುವವರಂತೂ ಒಂದು ಹನಿ ಉಳಿಸಬಾರದು. ಕೆಸರಿನಲ್ಲಿ ಹೂಳುವುದು ಭಾರದ ಟ್ರ್ಯಾಕ್ಟರೇ. ಅಲ್ಲಿ ಕಬ್ಬಿಣದ ಪಂಜರ ಗಾಲಿ ಬೇಕು, ನೀರಲ್ಲ.

ತೆಗೆಯುವಾಗ ಗಾಲಿ ಎತ್ತಿ ವಾಲ್ವನ್ನು ಕೆಳಕ್ಕೆ ತನ್ನಿ, ಪಿನ್ನು ಮತ್ತು ಮೇಲಿನ ಭಾಗ ಬಿಚ್ಚಿ. ಧಾರೆ ನಿಂತಾಗ ಖಾಲಿಯಾಯಿತು ಎಂದುಕೊಂಡರೆ ತಪ್ಪು. ವಾಲ್ವು ಇರುವುದು ರಿಮ್ಮಿನಲ್ಲಿ. ಅದರ ಕೆಳಗೆ ಟೈರಿನ ಹೊಟ್ಟೆಯಲ್ಲಿ ಇನ್ನೂ ಮೂರನೇ ಒಂದು ಪಾಲು, 13.6-28ರಲ್ಲಿ 60 ಲೀಟರ್, ಉಳಿದಿರುತ್ತದೆ. ಅದನ್ನು ತೆಗೆಯಲು ಒಳಗೆ ತಳ ಮುಟ್ಟುವ ತೆಳು ನಳಿಗೆ ಇರುವ ಅಡಾಪ್ಟರ್ ಬರುತ್ತದೆ. ಅದನ್ನು ಬಿಗಿದು ಪಕ್ಕದ ರಂಧ್ರದಿಂದ 10 ಪೌಂಡಿನಷ್ಟು ಗಾಳಿ ಕೊಟ್ಟರೆ ಉಳಿದ ನೀರು ನಳಿಗೆಯಿಂದ ಚಿಮ್ಮುತ್ತದೆ. ಕೊನೆಗೆ ಅರ್ಧ ಬಕೆಟ್ ಉಳಿದರೆ ಚಿಂತೆಯಿಲ್ಲ.

ಖಾಲಿಯಾದ ಗಾಲಿಗೆ ಮತ್ತೆ ಪೂರ್ತಿ ಗಾಳಿ ಬೇಕು, ಈಗ ಕಂಪ್ರೆಸರಿಗೆ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಬಿಚ್ಚಿದ ಪಿನ್ನನ್ನು ಮತ್ತೆ ಹಾಕದೆ ಹೊಸದು ಹಾಕಿ, ವಾಲ್ವಿಗೆ ಪ್ಲಾಸ್ಟಿಕ್ ಬದಲು ಹಿತ್ತಾಳೆಯ ಟೋಪಿ ಬಿಗಿಯಿರಿ. ಅಡಾಪ್ಟರುಗಳನ್ನು ಒರೆಸಿ, ಎಣ್ಣೆ ಸವರಿ, ಟೂಲ್ ಬಾಕ್ಸಿನಲ್ಲಿಡಿ. ಮುಂದಿನ ತೊಗರಿ ರಾಶಿಯಾದ ಮೇಲೆ ಮತ್ತೆ ಬೇಕಾಗುತ್ತವೆ.